ಕಣ್ಣು ಪರೀಕ್ಷೆಗೆ ಮೊಬೈಲು: ನಂಬುವುದೆಷ್ಟು, ಬಿಡುವುದೆಷ್ಟು?

ಹಿರೇಕೆರೂರು, ರಟ್ಟೀಹಳ್ಳಿ ಸೀಮೆಯ ಬೀಜೋತ್ಪಾದನೆಯ ಹೊಲಗಳಲ್ಲಿ ಹೆಣ್ಣುಮಕ್ಕಳು ಮಾಡುವ ‘ಕ್ರಾಸಿಂಗ್’ ಕೆಲಸ ಕೈಗಿಂತ ಕಣ್ಣನ್ನೇ ಹೆಚ್ಚು ಬೇಡುತ್ತದೆ. ಇನ್ನೂ ಅರಳದ ಮೊಗ್ಗನ್ನು ಬೆರಳ ಸಂದಿಯಲ್ಲಿ ಹಿಡಿಯಬೇಕು, ಚಿಮಟದಿಂದ ದಳ ಸರಿಸಬೇಕು, ಒಳಗಿನ ಕೇಸರಗಳನ್ನು ಒಂದೂ ಉಳಿಯದಂತೆ ಕೀಳಬೇಕು. ನಡುವಿನ ಹೆಣ್ಣು ಭಾಗಕ್ಕೆ ಮಾತ್ರ ಪೆಟ್ಟಾಗಬಾರದು. ಆಮೇಲೆ ಅದೇ ಹೂವಿಗೆ ಬೇರೆ ತಳಿಯ ಪರಾಗ ಮುಟ್ಟಿಸಬೇಕು. ಕೇಸರ ಉಳಿದುಬಿಟ್ಟರೆ ಬೀಜದ ಶುದ್ಧತೆಯೇ ಕೆಡುತ್ತದೆ. ನಲವತ್ತು ದಾಟಿದವರು ಮೊಗ್ಗನ್ನು ಮುಖದಿಂದ ದೂರ ದೂರ ಹಿಡಿಯತೊಡಗಿದರೆ ಪಕ್ಕದ ಸಾಲಿನಿಂದ ಪ್ರಶ್ನೆ ಬರುತ್ತದೆ: ‘ಯಕ್ಕಾ, ಚಾಳೀಸ ಬಂತೇನ ನಿನಗ?’

ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಕಣ್ಣು ತೋರಿಸಲು ಹೋಗುವವರು ಕಡಿಮೆ. ಹೋದರೆ ಒಂದು ದಿನದ ಪಗಾರ ಹೋಯಿತು, ಬಸ್ಸಿನ ಖರ್ಚು ಬಂತು, ಜೊತೆಗೆ ಬರುವವರ ಕೂಲಿಯೂ ಹೋಯಿತು. ಆದರೆ ಹೋಗದೆ ಉಳಿದದ್ದರ ಬೆಲೆ ಅದಕ್ಕಿಂತ ದೊಡ್ಡದು. ಅಸ್ಸಾಂನ ಚಹಾ ತೋಟಗಳಲ್ಲಿ ಎಲೆ ಬಿಡಿಸುವ, ನಲವತ್ತು ದಾಟಿದ ಕಾರ್ಮಿಕರ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹತ್ತಿರದ ನೋಟಕ್ಕೆ ಸಾದಾ ಕನ್ನಡಕ ಪಡೆದವರ ದುಡಿಮೆ, ಪಡೆಯದವರಿಗಿಂತ ಶೇ 21.7ರಷ್ಟು ಹೆಚ್ಚಿತ್ತು. ಬೀಜದ ಹೊಲದಲ್ಲಿ ಮೊಗ್ಗು ಬಿಡಿಸುವವರಿಗೆ, ಸವಣೂರಿನಲ್ಲಿ ವೀಳ್ಯದೆಲೆ ಆರಿಸಿ ಕಟ್ಟುವವರಿಗೆ, ಶಿಗ್ಗಾಂವಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವರಿಗೆ, ಹಾನಗಲ್ಲಿನಲ್ಲಿ ಅಕ್ಕಿಯೊಳಗಿನ ಕಲ್ಲು ಹೆಕ್ಕುವವರಿಗೆ ಈ ಅಂಕಿ ದೂರದ ಸುದ್ದಿಯಲ್ಲ.

ಆಸ್ಪತ್ರೆ ದೂರವಿದ್ದರೂ ಮೊಬೈಲು ಕೈಯಲ್ಲೇ ಇದೆ. ಕಣ್ಣು ಪರೀಕ್ಷಿಸುವ ಆ್ಯಪುಗಳು ಪುಕ್ಕಟೆ ಸಿಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯೇ ‘ಡಬ್ಲ್ಯುಎಚ್‌ಒ ಐಸ್’ ಎಂಬ ಆ್ಯಪ್ ಹೊರತಂದಿದೆ. ಅದರಲ್ಲಿ ದೂರದ ನೋಟವನ್ನೂ ಹತ್ತಿರದ ನೋಟವನ್ನೂ ನೋಡಿಕೊಳ್ಳಬಹುದು. ಹಾಗಾದರೆ ಮನೆಯಲ್ಲೇ ಪರೀಕ್ಷೆ ಮುಗಿಸಿಬಿಡಬಹುದೇ? ನನ್ನ ಉತ್ತರ ಇದು: ಮೊಬೈಲು ‘ನಿಮಗೆ ಸರಿಯಾಗಿ ಕಾಣುತ್ತಿಲ್ಲ’ ಎಂದರೆ ನಂಬಿ, ಆಸ್ಪತ್ರೆಗೆ ಹೊರಡಿ. ‘ಚೆನ್ನಾಗಿ ಕಾಣುತ್ತಿದೆ’ ಎಂದರೆ ಅದನ್ನು ಅರ್ಧಕ್ಕಿಂತ ಹೆಚ್ಚು ನಂಬಬೇಡಿ.

ಶಿಬಿರದಿಂದ ಮನೆ ಬಾಗಿಲಿಗೆ

ಕಣ್ಣಿನ ಆರೈಕೆಯನ್ನು ಹಳ್ಳಿಗೆ ಒಯ್ಯುವ ಹಂಬಲ ನಮ್ಮ ಭಾಗಕ್ಕೆ ಹೊಸದಲ್ಲ. ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಆಸ್ಪತ್ರೆಯನ್ನೇ ಊರೂರಿಗೆ ಕೊಂಡೊಯ್ದರು. ಪೊರೆಯ ಶಸ್ತ್ರಚಿಕಿತ್ಸೆಯನ್ನು ಶಿಬಿರಗಳಲ್ಲಿ ಸಾವಿರಾರು ಜನರಿಗೆ ಮಾಡಿದರು. ಒಂದೇ ದಿನದಲ್ಲಿ 833 ಶಸ್ತ್ರಚಿಕಿತ್ಸೆ ನಡೆಸಿದ ದಾಖಲೆ ಅವರದು. ಹುಬ್ಬಳ್ಳಿಯಲ್ಲಿ 1967ರಲ್ಲಿ ಶುರುವಾದ ಡಾ. ಎಂ.ಎಂ. ಜೋಶಿ ಅವರ ಕಣ್ಣಿನ ಆಸ್ಪತ್ರೆ ಶಿಗ್ಗಾಂವಿ, ಸವಣೂರು, ಹಾನಗಲ್ಲಿನ ಕಡೆಯ ಜನರಿಗೆ ಇಂದಿಗೂ ಪರಿಚಿತ ಹೆಸರು.

ಆಮೇಲಿನ ಹೆಜ್ಜೆ ರಾಜ್ಯ ಸರ್ಕಾರದ ‘ಆಶಾಕಿರಣ’ ಯೋಜನೆ. ಮುಖ್ಯಮಂತ್ರಿ ಸಿದ್ದರಾಮಯ್ಯ 2024ರ ಫೆಬ್ರುವರಿಯಲ್ಲಿ ಇದಕ್ಕೆ ಚಾಲನೆ ಕೊಟ್ಟದ್ದು ಹಾವೇರಿಯಲ್ಲೇ. ಆಶಾ ಕಾರ್ಯಕರ್ತೆ ಮನೆಗೇ ಬಂದು ಮೊದಲ ಸುತ್ತಿನ ಪರೀಕ್ಷೆ ಮಾಡುತ್ತಾರೆ. ತೊಂದರೆ ಕಂಡವರನ್ನು ಎರಡನೇ ಸುತ್ತಿನಲ್ಲಿ ನೇತ್ರಾಧಿಕಾರಿ ನೋಡುತ್ತಾರೆ. ಬೇಕಾದವರಿಗೆ ಉಚಿತ ಕನ್ನಡಕ, ಪೊರೆ ಇದ್ದವರಿಗೆ ಶಸ್ತ್ರಚಿಕಿತ್ಸೆ. ಇಲ್ಲಿ ಗಮನಿಸಬೇಕಾದದ್ದು ಕೆಲಸದ ಹಂಚಿಕೆ. ಮೊದಲ ಸುತ್ತಿಗೆ ವೈದ್ಯರೇ ಬೇಕಿಲ್ಲ, ಸ್ವಲ್ಪ ಕಲಿತವರು ಸಾಕು. ಆದರೆ ಕಾಯಿಲೆ ಯಾವುದು, ಮದ್ದೇನು ಎಂದು ತೀರ್ಮಾನಿಸುವವರು ಬೇರೆ. ಮೊಬೈಲ್ ಆ್ಯಪಿನ ಜಾಗ ಈ ಮೊದಲ ಸುತ್ತಿನಲ್ಲಿದೆ. ಅದನ್ನು ಎರಡನೇ ಸುತ್ತಿನ ಕುರ್ಚಿಯಲ್ಲಿ ಕೂರಿಸಿದಾಗಲೇ ಎಡವಟ್ಟಾಗುವುದು.

ಮೊದಲ ಸುತ್ತಿನ ಕೆಲಸವನ್ನು ಮೊಬೈಲು ಚೆನ್ನಾಗಿಯೇ ಮಾಡಬಲ್ಲದು ಎಂಬುದಕ್ಕೆ ಪುರಾವೆಯಿದೆ. ಕಣ್ಣಿನ ವೈದ್ಯ ಆಂಡ್ರ್ಯೂ ಬಾಸ್ಟವ್ರಸ್ ಮತ್ತು ಸಂಗಡಿಗರು ಕೆನ್ಯಾದ ನಕೂರು ಸೀಮೆಯಲ್ಲಿ ‘ಪೀಕ್ ಅಕ್ಯೂಟಿ’ ಎಂಬ ಆ್ಯಪನ್ನು 55 ವರ್ಷ ಮೇಲ್ಪಟ್ಟವರ ಮೇಲೆ, ಅವರವರ ಮನೆಗಳಲ್ಲೇ ಪರೀಕ್ಷಿಸಿದರು. ಅದರ ಫಲಿತಾಂಶ ಆಸ್ಪತ್ರೆಯ ಗೋಡೆಪಟದ ಫಲಿತಾಂಶಕ್ಕೆ ಹತ್ತಿರವಿತ್ತು ಎಂದು 2015ರಲ್ಲಿ ವರದಿ ಮಾಡಿದರು. ಒಂದು ಸಂಗತಿ ಮಾತ್ರ ನೆನಪಿರಲಿ. ಅಲ್ಲಿ ಯಾರೂ ತಮ್ಮ ಕಣ್ಣನ್ನು ತಾವೇ ಪರೀಕ್ಷಿಸಿಕೊಳ್ಳಲಿಲ್ಲ. ಒಬ್ಬರು ಮೊಬೈಲ್ ಹಿಡಿದರು, ಇನ್ನೊಬ್ಬರು ದೂರ ಕೂತು ನೋಡಿದರು. ನಮ್ಮ ಮನೆಗಳಲ್ಲೂ ಇದಕ್ಕೆ ಇಬ್ಬರು ಬೇಕು. ಕಾಲೇಜಿಗೆ ಹೋಗುವ ಮಗನೋ ಮೊಮ್ಮಗಳೋ ಇದ್ದರೆ ಸಾಕು.

ಅಕ್ಷರದ ಹಿಂದಿನ ಲೆಕ್ಕ

ವೈದ್ಯರ ಚೀಟಿಯಲ್ಲಿ 6/6, 6/12, 6/60 ಎಂದು ಬರೆದಿರುವುದನ್ನು ಎಲ್ಲರೂ ನೋಡಿರುತ್ತಾರೆ. ಈ ಪದ್ಧತಿಯ ಮೂಲಪುರುಷ ನೆದರ್ಲೆಂಡ್ಸಿನ ಹರ್ಮನ್ ಸ್ನೆಲ್ಲೆನ್. ಅವನ ಪಟ 1862ರಲ್ಲಿ ಬಂತು. 6/12 ಎಂದರೆ, ಆರೋಗ್ಯವಂತ ಕಣ್ಣು 12 ಮೀಟರ್ ದೂರದಿಂದ ಗುರುತಿಸುವ ಅಕ್ಷರವನ್ನು ಈ ಕಣ್ಣು 6 ಮೀಟರಿಗೆ ಬಂದರಷ್ಟೇ ಗುರುತಿಸುತ್ತದೆ ಎಂದರ್ಥ. 6 ಮೀಟರ್ ದೂರದಲ್ಲಿ 6/6ರ ಸಾಲಿನ ಅಕ್ಷರದ ಎತ್ತರ ಸುಮಾರು 8.7 ಮಿಲಿಮೀಟರ್. ದೂರ ಅರ್ಧವಾದರೆ ಅಕ್ಷರವೂ ಅರ್ಧವಾಗಬೇಕು. ಹಾಗಾಗಿ 3 ಮೀಟರಿನಲ್ಲಿ 6/6ರ ಅಕ್ಷರ 4.4 ಮಿಲಿಮೀಟರ್, 6/12ರ ಅಕ್ಷರ 8.7 ಮಿಲಿಮೀಟರ್.

ಮೊಬೈಲ್ ಪರೀಕ್ಷೆಯ ಸತ್ಯಾಸತ್ಯ ನಿಂತಿರುವುದು ಈ ಲೆಕ್ಕದ ಮೇಲೆ. ಮೊಬೈಲಿನ ಪರದೆಗಳು ಬೇರೆ ಬೇರೆ ಅಳತೆಯವು. ಆ್ಯಪ್ ನಿಮ್ಮ ಪರದೆಯ ಅಳತೆಯನ್ನು ತಪ್ಪಾಗಿ ತಿಳಿದರೆ ಅಕ್ಷರ ದೊಡ್ಡದಾಗಿ ಮೂಡಬಹುದು, ಆಗ ನಿಮ್ಮ ಕಣ್ಣಿಗೆ ಇಲ್ಲದ ಹೊಗಳಿಕೆ ಸಿಗುತ್ತದೆ. ಅದಕ್ಕೇ ಕೆಲವು ಆ್ಯಪುಗಳು ಮೊದಲು ಎಟಿಎಂ ಕಾರ್ಡನ್ನು ಪರದೆಯ ಮೇಲಿಟ್ಟು ಗೆರೆ ಹೊಂದಿಸಲು ಹೇಳುತ್ತವೆ. ಬ್ಯಾಂಕಿನ ಕಾರ್ಡು ಯಾವ ದೇಶದ್ದಾದರೂ 85.6 ಮಿಲಿಮೀಟರ್ ಉದ್ದ, 54 ಮಿಲಿಮೀಟರ್ ಅಗಲ ಇರುತ್ತದೆ. ಕಾರ್ಡು ಕೇಳದ ಆ್ಯಪಾದರೆ ಮಕ್ಕಳ ಕಂಪಾಸ್ ಪೆಟ್ಟಿಗೆಯಿಂದ ಸ್ಕೇಲು ತೆಗೆದು ನೀವೇ ಅಳೆಯಿರಿ. 3 ಮೀಟರಿನ ಪರೀಕ್ಷೆಯಲ್ಲಿ 6/12ರ ಅಕ್ಷರ 9 ಮಿಲಿಮೀಟರಿಗೆ ತುಸು ಕಡಿಮೆ ಇರಬೇಕು, 2 ಮೀಟರಿನದಾದರೆ 6 ಮಿಲಿಮೀಟರಿಗೆ ತುಸು ಕಡಿಮೆ. ಅಷ್ಟಿಲ್ಲದಿದ್ದರೆ ಆ ಆ್ಯಪನ್ನು ತೆಗೆದುಹಾಕಿ.

ಅಕ್ಷರ ಬಾರದವರಿಗೆ ಏನು ಮಾಡುವುದು ಎಂಬ ಚಿಂತೆ ಬೇಡ. ಈ ಆ್ಯಪುಗಳಲ್ಲಿ ಹೆಚ್ಚಾಗಿ ಇರುವುದು ಮೂರು ಹಲ್ಲಿನ ಇಂಗ್ಲಿಷ್ ‘ಇ’ ಆಕಾರ. ಅದರ ಬಾಯಿ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತಿರುಗುತ್ತದೆ. ಯಾವ ಕಡೆ ಎಂದು ಕೈಯಿಂದ ತೋರಿಸಿದರೆ ಮುಗಿಯಿತು. ಎಂಬತ್ತರ ಅಜ್ಜಿಯೂ ಆರು ವರ್ಷದ ಮೊಮ್ಮಗನೂ ಒಂದೇ ಪಟದಲ್ಲಿ ಪರೀಕ್ಷೆ ಕೊಡಬಹುದು. ದಿಕ್ಕು ನಾಲ್ಕೇ ಇರುವುದರಿಂದ ಕಾಣದಿದ್ದರೂ ಅಂದಾಜಿನಲ್ಲಿ ಸರಿಯಾಗುವ ಅಪಾಯವಿದೆ. ಐದು ಸಲ ತೋರಿಸಿ ಮೂರು ಸರಿಯಾದರೆ ಸಾಕೆಂದರೆ, ಏನೂ ಕಾಣದವರೂ ನೂರಕ್ಕೆ ಹತ್ತು ಸಲ ಪಾಸಾಗುತ್ತಾರೆ. ನಾಲ್ಕು ಸರಿಯಾಗಲೇಬೇಕು ಎಂದರೆ ಆ ಅದೃಷ್ಟ ನೂರಕ್ಕೆ ಎರಡು ಸಲಕ್ಕೂ ಸಿಗುವುದಿಲ್ಲ. ಮನೆಯಲ್ಲಿ ನಾಲ್ಕರ ನಿಯಮವನ್ನೇ ಇಟ್ಟುಕೊಳ್ಳಿ.

ಪಡಸಾಲೆಯಲ್ಲಿ ಪರೀಕ್ಷೆ

ಹೊಲಿಗೆಯ ಟೇಪು ಹಿಡಿದು 3 ಮೀಟರ್ ಅಳೆಯಿರಿ, ಹತ್ತು ಅಡಿಗೆ ಎರಡು ಇಂಚು ಕಡಿಮೆ. ಅಂದಾಜಿನ ಹೆಜ್ಜೆ ಬೇಡ. ಅರ್ಧ ಮೀಟರ್ ಹತ್ತಿರ ಬಂದರೂ ಫಲಿತಾಂಶ ಬದಲಾಗುತ್ತದೆ. ಕೂರುವವರ ಕುರ್ಚಿಯ ಬೆನ್ನು ಗೋಡೆಗೆ ತಾಗಿರಲಿ, ಆಗ ಮುಂದಕ್ಕೆ ಬಾಗಿದರೆ ಗೊತ್ತಾಗುತ್ತದೆ. ಮೊಬೈಲ್ ಹಿಡಿಯುವವರ ಕೈ ನೋಡುವವರ ಕಣ್ಣಿನ ಮಟ್ಟಕ್ಕೇ ಇರಲಿ.

ಪರದೆಯನ್ನು ಮೊದಲು ಒರೆಸಿ, ಅಡುಗೆಮನೆಯ ಎಣ್ಣೆಗೈಯ ಗುರುತೂ ಅಕ್ಷರವನ್ನು ಮಸುಕು ಮಾಡುತ್ತದೆ. ಬೆಳಕನ್ನು ಪೂರ್ತಿ ಏರಿಸಿ. ತಾನಾಗಿ ಬೆಳಕು ಹೆಚ್ಚುಕಡಿಮೆ ಮಾಡಿಕೊಳ್ಳುವ ವ್ಯವಸ್ಥೆಯನ್ನೂ, ರಾತ್ರಿಯ ಹಳದಿ ಬಣ್ಣದ ವ್ಯವಸ್ಥೆಯನ್ನೂ ಆರಿಸಿ. ಅಂಗಳದ ಬಿಸಿಲಿನಲ್ಲಿ ಪರೀಕ್ಷೆ ಬೇಡ. ಕಿಟಕಿಯ ಪ್ರತಿಬಿಂಬ ಪರದೆಯಲ್ಲಿ ಬೀಳದಂತೆ ಕೋಣೆಯೊಳಗೆ ನಿಲ್ಲಿ.

ಇನ್ನು ಅತ್ಯಂತ ಮುಖ್ಯವಾದದ್ದು: ಒಂದು ಸಲಕ್ಕೆ ಒಂದೇ ಕಣ್ಣು. ಎರಡೂ ಕಣ್ಣು ತೆರೆದಿದ್ದಾಗ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ಕೆಲಸವನ್ನೂ ತಾನೇ ಮಾಡಿಬಿಡುತ್ತದೆ. ಒಂದು ಕಣ್ಣಿಗೆ ವರ್ಷಗಟ್ಟಲೆ ಮಂಜಾಗಿದ್ದರೂ ಗೊತ್ತೇ ಆಗದವರಿದ್ದಾರೆ. ಕಣ್ಣಲ್ಲಿ ಏನೋ ಬಿತ್ತೆಂದು ಇನ್ನೊಂದನ್ನು ಮುಚ್ಚಿಕೊಂಡಾಗಲೇ ಅವರಿಗೆ ಗಾಬರಿಯಾಗುವುದು. ಅಂಗೈಯನ್ನು ಬಟ್ಟಲಿನಂತೆ ಮಾಡಿ ಮುಚ್ಚಿ. ಗುಡ್ಡೆಯನ್ನು ಒತ್ತಬಾರದು, ಒತ್ತಿದರೆ ಆ ಕಣ್ಣು ಸ್ವಲ್ಪ ಹೊತ್ತು ಮಸುಕಾಗಿ ಅದರ ಸರದಿಯಲ್ಲಿ ತಪ್ಪು ಲೆಕ್ಕ ಬರುತ್ತದೆ. ಬೆರಳ ಸಂದಿಯಿಂದ ಇಣುಕಬಾರದು. ಕಣ್ಣು ಕಿರಿದು ಮಾಡಿ ನೋಡಬಾರದು. ದೂರದ ನೋಟಕ್ಕೆ ಕನ್ನಡಕವಿದ್ದರೆ ಹಾಕಿಕೊಂಡೇ ಪರೀಕ್ಷೆ ಕೊಡಿ.

ಯಾವುದಾದರೂ ಕಣ್ಣು 6/12ರ ಸಾಲನ್ನು ದಾಟದಿದ್ದರೆ ಆಸ್ಪತ್ರೆಗೆ ಹೋಗಬೇಕು. ಎರಡು ಕಣ್ಣುಗಳ ನಡುವೆ ಎರಡು ಸಾಲಿನ ವ್ಯತ್ಯಾಸ ಬಂದರೂ ಹೋಗಬೇಕು. ಹಿಂದಿನ ಸಲಕ್ಕಿಂತ ಎರಡು ಸಾಲು ಇಳಿದರೂ ಹೋಗಬೇಕು. ಈ ಕೊನೆಯದಕ್ಕಾಗಿ ಲೆಕ್ಕ ಬರೆದಿಡುವುದು ಅಗತ್ಯ. ತಾರೀಖು, ಬಲಗಣ್ಣು, ಎಡಗಣ್ಣು, ಇಷ್ಟನ್ನು ಒಂದು ವಹಿಯಲ್ಲಿ ಮನೆಯವರೆಲ್ಲರ ಹೆಸರಿನ ಮುಂದೆ ಬರೆಯಿರಿ. ಒಂದು ದಿನದ ಅಂಕಿಗಿಂತ ಎರಡು ವರ್ಷದ ಅಂಕಿಗಳು ವೈದ್ಯರಿಗೆ ಹೆಚ್ಚು ಉಪಯೋಗ.

ಮಸುಕು ಕಂಡರೆ ಇನ್ನೊಂದು ಸಣ್ಣ ಪರೀಕ್ಷೆಯಿದೆ, ಅದಕ್ಕೆ ಮೊಬೈಲೂ ಬೇಡ. ದಪ್ಪ ಕಾಗದದಲ್ಲಿ ದಬ್ಬಣದಿಂದ ಒಂದು ಮಿಲಿಮೀಟರಿನಷ್ಟು ತೂತು ಮಾಡಿ ಅದರ ಮೂಲಕ ಅದೇ ಅಕ್ಷರ ನೋಡಿ. ಆಗ ಸ್ಪಷ್ಟವಾದರೆ ಕನ್ನಡಕದಿಂದ ಸರಿಹೋಗುವ ದೋಷವೇ ಇರಬಹುದು. ಆಗದಿದ್ದರೆ ಪೊರೆ, ಅಕ್ಷಿಪಟಲ ಅಥವಾ ನರದ ತೊಂದರೆಯ ಕಡೆಗೆ ಅದು ಬೆರಳು ತೋರುತ್ತದೆ, ತಡಮಾಡಬಾರದು.

ಹತ್ತಿರದ ನೋಟಕ್ಕೆ ಮೊಬೈಲಿಗಿಂತ ಮುದ್ರಿತ ದಿನಪತ್ರಿಕೆಯೇ ವಾಸಿ. 40 ಸೆಂಟಿಮೀಟರ್ ದೂರದಲ್ಲಿ 6/6ಕ್ಕೆ ಸಮನಾದ ಅಕ್ಷರದ ಎತ್ತರ ಅರ್ಧ ಮಿಲಿಮೀಟರಿಗೆ ತುಸು ಹೆಚ್ಚು. ಅದರ ಒಂದೊಂದು ಗೆರೆಗೆ ಸಾಮಾನ್ಯ ಮೊಬೈಲ್ ಪರದೆಯಲ್ಲಿ ಎರಡು ಚುಕ್ಕೆಯಷ್ಟೂ ಜಾಗವಿರುವುದಿಲ್ಲ, ಆಕಾರ ಸರಿಯಾಗಿ ಮೂಡುವುದೇ ಇಲ್ಲ. ಇನ್ನೊಂದು ತೊಡಕೂ ಇದೆ. ಎರಡು ಬೆರಳಿಂದ ಹಿಗ್ಗಿಸಿ ಓದುವ ಅಭ್ಯಾಸ ಚಾಳೀಸನ್ನು ವರ್ಷಗಟ್ಟಲೆ ಮುಚ್ಚಿಡುತ್ತದೆ. ಔಷಧದ ಚೀಟಿ, ಗೊಬ್ಬರದ ಚೀಲ, ಕ್ರಿಮಿನಾಶಕದ ಡಬ್ಬಿಯ ಮೇಲಿನ ಅಕ್ಷರ ಹಾಗೆ ಹಿಗ್ಗುವುದಿಲ್ಲ.

ಪರದೆಗೆ ಕಾಣದ ಕಾಯಿಲೆಗಳು

ಅಕ್ಷರ ಗುರುತಿಸುವುದು ಕಣ್ಣಿನ ಹಲವು ಕೆಲಸಗಳಲ್ಲಿ ಒಂದು ಮಾತ್ರ, ಅದೂ ನೋಟದ ನಡುಭಾಗದ ಕೆಲಸ. ಈ ಪರೀಕ್ಷೆ ದಪ್ಪ ಕಣ್ಣಿನ ಜರಡಿ ಇದ್ದ ಹಾಗೆ, ದೊಡ್ಡ ಕಲ್ಲನ್ನು ತಡೆಯುತ್ತದೆ, ಸಣ್ಣ ಕಲ್ಲನ್ನು ಕಾಳಿನ ಜೊತೆಗೇ ಬಿಡುತ್ತದೆ. ಗ್ಲಾಕೋಮಾ ಸಾಮಾನ್ಯವಾಗಿ ನೋಟದ ಅಂಚಿನಿಂದ ಒಳಗೆ ತಿನ್ನುತ್ತ ಬರುತ್ತದೆ. ಅಂಚು ಹೋದರೂ ನಡುಭಾಗ ಬಹುಕಾಲ ಉಳಿದಿರುತ್ತದೆ, ಅಷ್ಟು ಕಾಲವೂ ಮೊಬೈಲು 6/6 ಎನ್ನುತ್ತಿರುತ್ತದೆ. ಹೋದ ನೋಟ ಮರಳುವುದಿಲ್ಲ. ಮನೆತನದಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ ಕಣ್ಣಿನ ಒತ್ತಡವನ್ನೂ ನರವನ್ನೂ ವೈದ್ಯರೇ ನೋಡಬೇಕು.

ಸಕ್ಕರೆ ಕಾಯಿಲೆಯೂ ಹಾಗೆಯೇ. ಅಕ್ಷಿಪಟಲದ ರಕ್ತನಾಳಗಳು ಸೋರತೊಡಗಿದ ಮೊದಲ ದಿನಗಳಲ್ಲಿ ಅಕ್ಷರ ಚೆನ್ನಾಗಿಯೇ ಕಾಣುತ್ತಿರುತ್ತದೆ. ಸಕ್ಕರೆ ಕಾಯಿಲೆ ಇರುವವರು ಕಾಣಲಿ ಬಿಡಲಿ, ವರ್ಷಕ್ಕೊಮ್ಮೆ ಅಕ್ಷಿಪಟಲ ತೋರಿಸಲೇಬೇಕು. ಇದಕ್ಕೆ ಉಪಕರಣ ಕಟ್ಟಿದವರು ಕರ್ನಾಟಕದಲ್ಲೇ ಇದ್ದಾರೆ. ಬೆಂಗಳೂರಿನ ಫೋರಸ್ ಹೆಲ್ತ್ ಕಂಪನಿಯ ‘3ನೇತ್ರ’ ಮತ್ತು ರೆಮಿಡಿಯೊ ಕಂಪನಿಯ, ಮೊಬೈಲಿಗೆ ಜೋಡಿಸುವ ಕ್ಯಾಮೆರಾ ಕಣ್ಣಿನ ಒಳಗೋಡೆಯ ಚಿತ್ರ ತೆಗೆಯುತ್ತವೆ. ಚಿತ್ರವನ್ನು ದೂರದ ವೈದ್ಯರಿಗೆ ಕಳಿಸಬಹುದು. ತರಬೇತಾದವರ ಕೈಯಲ್ಲಿ ಡಿಜಿಟಲ್ ಉಪಕರಣ ಎಷ್ಟು ಮುಂದೆ ಹೋಗಬಲ್ಲದು ಎಂಬುದಕ್ಕೆ ಇವು ಸಾಕ್ಷಿ. ಮನೆಯ ಆ್ಯಪಿಗೆ ಕಣ್ಣಿನ ಒಳಗು ಕಾಣುವುದಿಲ್ಲ.

ಹೊಲದಿಂದ ಬಂದ ಕೆಂಗಣ್ಣಿಗಂತೂ ಯಾವ ಆ್ಯಪೂ ಬೇಡ. ಗೋವಿನಜೋಳದ ಗರಿ ತಾಗಿರಲಿ, ಭತ್ತದ ಒಕ್ಕಣೆಯಲ್ಲಿ ಹೊಟ್ಟು ಬಿದ್ದಿರಲಿ, ಕಣ್ಣು ನೋಯುತ್ತಿದ್ದರೆ, ಬೆಳಕು ಸಹಿಸದಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದೇ ದಿನ ವೈದ್ಯರ ಹತ್ತಿರ ಹೋಗಬೇಕು. ಬೆಳೆಯ ಕಸದಿಂದಾದ ಗಾಯದಲ್ಲಿ ಶಿಲೀಂಧ್ರ ಬೆಳೆದರೆ ಗುಡ್ಡೆಗೇ ಕುತ್ತು. ಸೊಪ್ಪಿನ ರಸ, ಎದೆಹಾಲು, ಹರಳೆಣ್ಣೆ, ಹಳೆಯ ಬಾಟಲಿಯ ಹನಿ ಯಾವುದನ್ನೂ ಹಾಕಬೇಡಿ. ನೋಟಕ್ಕೆ ಇದ್ದಕ್ಕಿದ್ದಂತೆ ಪರದೆ ಬಿದ್ದಂತಾದರೂ, ಮಿಂಚು ಹೊಡೆದಂತೆ ಬೆಳಕು ಕಂಡರೂ ಹಾಗೇ ಹೊರಡಬೇಕು.

ಕಣ್ಣಿನ ನಂಬರನ್ನೇ ಹೇಳುತ್ತೇವೆ, ವ್ಯಾಯಾಮದಿಂದ ಕನ್ನಡಕ ಬಿಡಿಸುತ್ತೇವೆ ಎನ್ನುವ ಆ್ಯಪುಗಳಿಂದ ದೂರವಿರಿ. ಬಣ್ಣಗುರುಡಿನ ಪರೀಕ್ಷೆಯೂ ಮೊಬೈಲಿನಲ್ಲಿ ಭರವಸೆಯದಲ್ಲ, ಪರದೆಯಿಂದ ಪರದೆಗೆ ಬಣ್ಣವೇ ಬದಲಾಗುತ್ತದೆ.

ಮಕ್ಕಳ ಕಣ್ಣು ಕಾಯುವುದಿಲ್ಲ

ದೊಡ್ಡವರು ತಡಮಾಡಿದರೂ ಪೊರೆಯನ್ನು ತೆಗೆಸಬಹುದು, ಚಾಳೀಸಿಗೆ ಕನ್ನಡಕವಿದೆ. ಮಕ್ಕಳ ವಿಷಯ ಹಾಗಲ್ಲ. ಒಂದು ಕಣ್ಣಿನಲ್ಲಿ ದೊಡ್ಡ ನಂಬರಿದ್ದರೆ ಮಿದುಳು ಆ ಕಣ್ಣಿನಿಂದ ಬರುವ ಮಸುಕು ಚಿತ್ರವನ್ನು ಬದಿಗಿಟ್ಟು, ಇನ್ನೊಂದರಿಂದಲೇ ನೋಡಲು ಕಲಿತುಬಿಡುತ್ತದೆ. ಇದಕ್ಕೆ ಏಳೆಂಟು ವರ್ಷದೊಳಗೆ ಚಿಕಿತ್ಸೆ ಸಿಕ್ಕರೆ ಫಲ ಹೆಚ್ಚು, ಆಮೇಲೆ ಕಷ್ಟ. ಮಗು ದೂರು ಹೇಳುವುದಿಲ್ಲ, ಬೇರೆಯವರಿಗೆ ಹೇಗೆ ಕಾಣುತ್ತದೆಂದು ಅದಕ್ಕೆ ಗೊತ್ತೇ ಇಲ್ಲವಲ್ಲ. ಬೋರ್ಡಿನ ಅಕ್ಷರವನ್ನು ಪಕ್ಕದವನ ಪಾಟಿಯಿಂದ ನಕಲು ಮಾಡುವುದು, ಟಿ.ವಿ.ಗೆ ಮೂಗು ತಾಗಿಸಿ ಕೂರುವುದು, ತಲೆ ಓರೆ ಮಾಡಿ ನೋಡುವುದು ಕಂಡರೆ ‘ಓದಾಕ ಮನಸ್ಸಿಲ್ಲ ಇವಂಗ’ ಎಂದು ಬೈಯುವ ಮೊದಲು ಒಂದೊಂದೇ ಕಣ್ಣು ಮುಚ್ಚಿ ‘ಇ’ ಆಟ ಆಡಿಸಿ.

ಈ ಸೀಮೆಗೆ ಇದನ್ನು ಹೇಳುವಾಗ ಎರಡು ಹೆಸರು ನೆನಪಾಗದೆ ಇರವು. ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಗುರುಡರಾಗಿ ಬಂದವರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 1914ರಲ್ಲಿ ಅದೇ ತಾಲ್ಲೂಕಿನಲ್ಲಿ ಹುಟ್ಟಿ, ಎಳವೆಯಲ್ಲೇ ಕಣ್ಣು ಕಳೆದುಕೊಂಡವರು. ಹಾನಗಲ್ಲ ಕುಮಾರಸ್ವಾಮಿಗಳ ಕೈ ಹಿಡಿದು ಬೆಳೆದ ಪಂಚಾಕ್ಷರಿ ಗವಾಯಿಗಳಿಂದ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪರಂಪರೆ ನಡೆಯಿತು, ಅಲ್ಲಿ ಸಾವಿರಾರು ಅಂಧ ಮಕ್ಕಳು ಸಂಗೀತ ಕಲಿತರು. ಕಣ್ಣಿಲ್ಲದವರ ಬದುಕು ಕಡಿಮೆಯದಲ್ಲ ಎಂದು ತೋರಿಸಿಕೊಟ್ಟ ನೆಲ ಇದು. ಉಳಿಸಬಹುದಾದ ಕಣ್ಣನ್ನು ಉದಾಸೀನದಿಂದ ಕಳೆದುಕೊಳ್ಳುವುದು ಇಂಥ ನೆಲಕ್ಕೆ ಒಪ್ಪುವುದಿಲ್ಲ.

ಯಾರಿಂದ ಶುರು ಮಾಡಬೇಕು?

ದೇಶದಲ್ಲಿ 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 50 ದಾಟಿದವರ ಕುರುಡುತನದಲ್ಲಿ ಶೇ 66.2ಕ್ಕೆ ಕಾರಣ ಪೊರೆ. ಎಂದರೆ ಮೂವರಲ್ಲಿ ಇಬ್ಬರು ಕಾಣದೆ ಕೂತಿರುವುದು ಶಸ್ತ್ರಚಿಕಿತ್ಸೆಯಿಂದ ಹೋಗುವ ಕಾಯಿಲೆಯಿಂದ. ನೋಟ ಮಸುಕಾಗಿಸಿದ ಪೊರೆ ಮೊಬೈಲ್ ಪರೀಕ್ಷೆಗೆ ಸುಲಭವಾಗಿ ಸಿಕ್ಕಿಬೀಳುತ್ತದೆ. ಆದ್ದರಿಂದ ಮನೆಯ ಹಿರಿಯರಿಂದಲೇ ಶುರು ಮಾಡಿ.

ಸ್ತ್ರೀಶಕ್ತಿ ಸಂಘದ ವಾರದ ಸಭೆ ನಡೆಯುವ ಪಡಸಾಲೆಯಲ್ಲಿ 3 ಮೀಟರಿಗೊಂದು ಗೆರೆ ಎಳೆದುಕೊಂಡರೆ ಇಪ್ಪತ್ತು ಹೆಣ್ಣುಮಕ್ಕಳ ನಲವತ್ತು ಕಣ್ಣುಗಳನ್ನು ಒಂದೇ ಸಂಜೆ ನೋಡಿ ಮುಗಿಸಬಹುದು. 6/12 ದಾಟದವರ ಹೆಸರಿನ ಪಟ್ಟಿಯನ್ನು ಆಶಾ ಕಾರ್ಯಕರ್ತೆಗೆ ಕೊಡಿ. ಪಟ್ಟಿಯಲ್ಲಿದ್ದವರು ಒಟ್ಟಾಗಿಯೇ ತಾಲ್ಲೂಕು ಆಸ್ಪತ್ರೆಗೆ ಹೊರಟರೆ ಪ್ರತಿಯೊಬ್ಬರ ಜೊತೆಗೂ ಇನ್ನೊಬ್ಬರು ಕೂಲಿ ಬಿಟ್ಟು ಬರಬೇಕಿಲ್ಲ.

‘ವಯಸ್ಸಾತು, ಇನ್ನೇನ ನೋಡೂದೈತಿ ನಾನು’ ಎಂದು ಅಜ್ಜ ಮೂಲೆ ಹಿಡಿದಿದ್ದರೆ ಆ ಮಾತನ್ನು ಒಪ್ಪಿಕೊಳ್ಳಬೇಡಿ. ಅವರ ಮುಂದೆ ಮೊಬೈಲ್ ಹಿಡಿದು ಯಾವ ಸಾಲಿಗೆ ನಿಂತಿತು ಎಂದು ಬರೆದುಕೊಳ್ಳಿ, ಆ ಚೀಟಿಯ ಜೊತೆಗೆ ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಪೊರೆಯೇ ಆಗಿದ್ದರೆ, ಶಸ್ತ್ರಚಿಕಿತ್ಸೆ ಆದ ಮೇಲೆ ಅದೇ ಗೆರೆಯ ಮೇಲೆ ಮತ್ತೆ ಕೂರಿಸಿ ಹೊಸ ಅಂಕಿಯನ್ನು ಹಳೆಯದರ ಪಕ್ಕದಲ್ಲೇ ಬರೆಯಿರಿ. ಆ ಎರಡು ಅಂಕಿಗಳನ್ನು ಕಂಡರೆ ಓಣಿಯ ಉಳಿದ ಹಿರಿಯರೂ ಹೊರಡುತ್ತಾರೆ.